ಮೂಡಲಗಿಯ ತಂಬಿನ ಡ್ರಮ್ ಮಾಸ್ತರರು

ಮೊನ್ನೆ ಹಿತ್ತಲಲ್ಲಿ ಸೊಸೆ ಕಸಕ್ಕೆ ಬೆಂಕಿ ಹಚ್ಚಿದ್ದಳು. ಟ್ರಂಕಿನ ತಳದಿಂದ ತೆಗೆದ ಹಳೆಯ ಸಾಮಾನಿನ ಜೊತೆ ನನ್ನ ತಾಯಿಯ ಕಾಲದ ಒಂದು ಬಾಚಣಿಗೆಯೂ ಅದರಲ್ಲಿ ಬಿದ್ದಿತ್ತು. ಈಗಿನ ಪ್ಲಾಸ್ಟಿಕ್ಕಿನದಲ್ಲ, ಆಗಿನ ಸೆಲ್ಯುಲಾಯ್ಡಿನದು. ಅದು ಭಗ್ಗನೆ ಹೊತ್ತಿಕೊಂಡಿತು. ಕರ್ಪೂರ, ಕೂದಲು ಎರಡೂ ಒಟ್ಟಿಗೆ ಸುಟ್ಟಂಥ ಘಾಟು ಪಡಸಾಲೆಯ ತನಕ ಬಂತು. ಪೇಪರು ಓದುತ್ತ ಕೂತಿದ್ದ ನಾನು ಎದ್ದು, ಚಪ್ಪಲಿ ಮೆಟ್ಟಿ, ಹೊರಬಾಗಿಲ ತನಕ ಹೋಗಿಬಿಟ್ಟಿದ್ದೆ. ಎಲ್ಲಿಗೆ ಹೊಂಟ್ರಿ ಎಂದು ಸೊಸೆ ಕೇಳಿದಾಗ ಚಪ್ಪಲಿ ಬಿಟ್ಟು ಒಳಗೆ ಬಂದೆ.

ಆ ಘಾಟು ಅದಕ್ಕೂ ಮೊದಲು ನನ್ನ ಮೂಗಿಗೆ ಬಡಿದದ್ದು ಮೂಡಲಗಿಯಲ್ಲಿ, ಮೂಕಿ ಸಿನೆಮಾದ ತಂಬಿನ ಹತ್ತಿರ. ಅದರ ಬೆನ್ನಿಗೇ ಡ್ರಮ್ ಮಾಸ್ತರರು ನೆನಪಾದರು… ಆಮೇಲೆ ಆ ದಿನವೆಲ್ಲ ನಾನು ಮನೆಯೊಳಗೆ ಒಂದು ಕಡೆ ಕೂತಿರಲಿಲ್ಲವೆಂದು ಸೊಸೆ ಹೇಳುತ್ತಾಳೆ.

ನಮ್ಮದು ಹುಕ್ಕೇರಿಯಲ್ಲಿ ಕಾಳುಕಡಿ ದಲಾಲಿಯ ಅಡತಿ ಅಂಗಡಿ. ಜೈನರ ಮನೆ, ಕಟ್ಟುನಿಟ್ಟಿನ ಅಪ್ಪ. ನಾನು ಮಾತ್ರ ಊರಿಗೆ ಬಂದಿದ್ದ ನಾಟಕದ ಕಂಪನಿಯವರ ಹಿಂದೆ ಬಿದ್ದು ಹಾರ್ಮೋನಿಯಂ ಕಲಿತುಬಿಟ್ಟಿದ್ದೆ. ಮದುವೆಯ ವಯಸ್ಸಿನ ಮಗ ಪೆಟ್ಟಿಗೆ ಒತ್ತುತ್ತ ಕೂಡುವುದು ಅಪ್ಪನಿಗೆ ಹಿಡಿಸುತ್ತಿರಲಿಲ್ಲ. ಆದರೂ ಸಾಂಗ್ಲಿ ಕಡೆಯ ಒಬ್ಬ ಮಾಲಕರು ಊರೂರಿಗೆ ತಂಬು ಹೊತ್ತು ಸಿನೆಮಾ ತೋರಿಸುತ್ತ ಬಂದು, ಹಾರ್ಮೋನಿಯಂಗೆ ಒಬ್ಬರು ಬೇಕೆಂದಾಗ, ಹೊತ್ತು ಮುಳುಗುವ ಮೊದಲೇ ಉಂಡು ಹೋಗಬೇಕು, ಹೊರಗಿನದನ್ನು ಬಾಯಿಗೆ ಹಾಕಬಾರದು ಎಂಬ ಮಾತಿನ ಮೇಲೆ ಅಪ್ಪ ಒಪ್ಪಿದರು. ಸಿನೆಮಾ ಆಗ ಮಾತಾಡುತ್ತಿರಲಿಲ್ಲ. ಪರದೆಯ ಕೆಳಗೆ ಕೂತು ಅದಕ್ಕೆ ದನಿ ಕೊಡುವವರು ನಾವು ಇಬ್ಬರೇ: ನಾನು ಮತ್ತು ಡ್ರಮ್ ಮಾಸ್ತರರು.

ಅವರು ನನಗಿಂತ ಹತ್ತು-ಹನ್ನೆರಡು ವರ್ಷಕ್ಕೆ ದೊಡ್ಡವರು. ತೆಳ್ಳನೆಯ ಮೈ, ಉದ್ದ ಕೈ, ಒಂದು ಕಡೆ ನಿಲ್ಲದ ಕಣ್ಣು. ನಿಡಸೋಸಿಯ ಹತ್ತಿರದ ಹಳ್ಳಿಯವರು. ಎಳೆತನದಲ್ಲಿ ಮನೆ ಬಿಟ್ಟು ಮುಂಬೈ ಸೇರಿ, ಬಂದರಿನ ಹತ್ತಿರದ ಒಂದು ಹೊಟೇಲಿನಲ್ಲಿ ಮೇಜು ಒರೆಸುತ್ತಿದ್ದರಂತೆ. ಅಲ್ಲಿ ರಾತ್ರಿ ಊಟದ ಹೊತ್ತಿಗೆ ಸಾಹೇಬರ ಕುಣಿತಕ್ಕೆ ಬ್ಯಾಂಡು ಬಾರಿಸುತ್ತಿದ್ದರು. ಡ್ರಮ್ಮಿನವ ಗೋವೆಯ ಕಡೆಯವ. ಅವನ ಕೈಕಾಲು ಒತ್ತಿ, ಪೆಟ್ಟಿಗೆ ಹೊತ್ತು, ಬಾರಿಸುವುದನ್ನು ಕಲಿತರು. ಹಾಗೆ ಕಲಿತದ್ದಕ್ಕೆ ಜಾಝ್ ಎನ್ನುತ್ತಾರೆಂದು ನನಗೆ ಹೇಳಿದವರೂ ಅವರೇ. ಆ ಶಬ್ದವನ್ನು ನಾನು ಯಾವುದೋ ಊರಿನ ಹೆಸರೆಂದು ತಿಳಿದಿದ್ದೆ.

ಅವರ ಸಾಮಾನು ನೋಡಲಿಕ್ಕೇ ಮಂದಿ ಆಟಕ್ಕೆ ಮೊದಲು ಬಂದು ನಿಲ್ಲುತ್ತಿದ್ದರು. ನೆಲದ ಮೇಲೆ ಅಡ್ಡ ನಿಲ್ಲಿಸಿದ ದೊಡ್ಡ ಡ್ರಮ್ಮು, ಅದನ್ನು ಕಾಲಿನಿಂದ ತುಳಿದು ಬಾರಿಸಬೇಕು. ಅದರ ತಲೆಯ ಮೇಲೆ ಒಂದು ಕಂಚಿನ ತಾಟು, ಒಂದು ಪೊಳ್ಳು ಕಟ್ಟಿಗೆಯ ತುಂಡು, ಒಂದು ಎತ್ತಿನ ಗಂಟೆ. ಮುಂದೆ ಸಣ್ಣ ಡ್ರಮ್ಮು. ಅದಕ್ಕೆ ಬೇಕೆಂದಾಗ ಕೊರಳಿಗೆ ಹಾಕಿಕೊಳ್ಳಲು ಚರ್ಮದ ಪಟ್ಟಿ ಇತ್ತು.

ಮಾಸ್ತರರಿಗೆ ಸುಮ್ಮನೆ ಕೂಡುವುದು ಗೊತ್ತಿರಲಿಲ್ಲ. ಚಹಾ ಆರುವ ತನಕ ಕಪ್ಪಿನ ಬಸಿಯ ಮೇಲೆ ಬೆರಳು ಕುಣಿಯುತ್ತಿತ್ತು. ಸರ್ವೀಸ್ ಮೋಟಾರಿಗೆ ಕಾಯಲಾರದೆ ಗೋಕಾಕಿನಿಂದ ನಡೆದೇ ಹೊರಟುಬಿಟ್ಟದ್ದೂ ಉಂಟು, ಅರ್ಧ ದಾರಿಯಲ್ಲಿ ಅದೇ ಮೋಟಾರು ಅವರನ್ನು ಹತ್ತಿಸಿಕೊಂಡದ್ದೂ ಉಂಟು. ಮೂಡಲಗಿಯ ತವರಿನಲ್ಲಿ ಹೆಂಡತಿ, ಆರು ವರ್ಷದ ಮಗಳು ಇದ್ದರು. ತಂಬಾಕು ತರಲು ಹೋದ ಮಾಸ್ತರರು ಐದಾರು ತಿಂಗಳು ಬಿಟ್ಟು ಮನೆಗೆ ಬರುತ್ತಿದ್ದರು. ಎಲ್ಲಿ ಹೋಗಿದ್ದಿರಿ ಎಂದು ಕೇಳಿದರೆ, ಒಂದು ಊರಿನ ಹೆಸರು ಹೇಳಿ ನಕ್ಕುಬಿಡುವುದು. ಅವರ ಹೆಂಡತಿಯನ್ನು ನಾನು ಅತ್ತಿಗೆಯೆಂಬ ಸಲುಗೆಯಲ್ಲಿ ವೈನಿ ಎನ್ನುತ್ತಿದ್ದೆ. ಗಟ್ಟಿ ಹೆಣ್ಣುಮಗಳು, ಹೊಲಿಗೆ ಹಾಕಿ ಮನೆ ನಡೆಸುತ್ತಿದ್ದಳು. ಗಂಡ ಬಾರಿಸುವುದನ್ನು ಒಮ್ಮೆಯೂ ಕೇಳಲು ಬಂದಿರಲಿಲ್ಲ. ಮನೆಯಲ್ಲಿ ಹಗಲೆಲ್ಲ ತಾಟು, ಕಿಟಕಿ, ಹೊರಸಿನ ಕಾಲು ಬಡಿಯುವುದನ್ನು ಕೇಳುವುದೇ ಸಾಕಾಗಿದೆ ಎನ್ನುತ್ತಿದ್ದಳು.

ತಂಬಿನಲ್ಲಿ ಇದ್ದದ್ದು ಒಂದೇ ಮಶೀನು. ಒಂದು ರೀಲು ಮುಗಿದು ಇನ್ನೊಂದು ಏರಿಸುವ ತನಕ ಪರದೆ ಕತ್ತಲಾಗುತ್ತಿತ್ತು. ನಡುವೆ ಫಿಲ್ಮು ಹರಿದರಂತೂ ಯಾವಾಗ ಮತ್ತೆ ಶುರುವಾಗುತ್ತದೆಂದು ಹೇಳುವ ಹಾಗೇ ಇರಲಿಲ್ಲ. ಮಂದಿ ಸೀಟಿ ಹೊಡೆಯುವುದು, ಮಣ್ಣು ತೂರುವುದು ಶುರುವಾಗುತ್ತಿತ್ತು. ಆ ಹೊತ್ತು ಮಾಲಕರು ಮಾಸ್ತರರಿಗೆ ಕೈಸನ್ನೆ ಮಾಡುತ್ತಿದ್ದರು. ನಾನು ಹಾರ್ಮೋನಿಯಂ ಮುಚ್ಚಿ ಕೂಡುತ್ತಿದ್ದೆ.

ಮುಂಬೈಯ ಬ್ಯಾಂಡಿನಲ್ಲಿಯೂ ಹೀಗೆಯೇ ಮಾಡುತ್ತಾರೆಂದು ಮಾಸ್ತರರು ನನಗೆ ಒಮ್ಮೆ ಹೇಳಿದ್ದರು. "ಹಾಡಿನ ನಡಬರಕ ಎಲ್ಲಾರೂ ಕೈ ಬಿಟ್ಟ ಕೂಡತಾರ, ತಮ್ಮಾ. ಡ್ರಮ್ಮಿನವನ್ನ ಒಬ್ಬನ್ನ ಬಯಲಿಗೆ ಬಿಡತಾರ. ಎಷ್ಟೊತ್ತು ಅನ್ನೂದು ಯಾರಿಗೂ ಗೊತ್ತಿಲ್ಲ, ಅವಂಗೂ ಗೊತ್ತಿಲ್ಲ."

ಹೀಗೆ ಬಯಲಿಗೆ ಬಿಟ್ಟಾಗ ಮೊದಮೊದಲು ಅವರು ಸೋಲುತ್ತಿದ್ದರು. ನಾನು ಪಕ್ಕದಲ್ಲಿಯೇ ಕೂತು ನೋಡಿದ್ದೇನೆ. ಗೊತ್ತಿದ್ದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಸುರಿದುಬಿಡುತ್ತಿದ್ದರು. ಕೈ ಕಾಣದಷ್ಟು ಜೋರು. ಮಂದಿ ಬಾಯಿ ತೆರೆದು ನೋಡಿ, ಸ್ವಲ್ಪ ಹೊತ್ತಿಗೆ ಬೇಸತ್ತು, ಬೀಡಿ ಹಚ್ಚಿ, ಹೊರಗಿನ ಶೇಂಗಾ ಅಂಗಡಿಗೆ ಎದ್ದು ಹೋಗುತ್ತಿದ್ದರು. ಮಾಸ್ತರರಿಗೆ ಅದು ಬೆಂಕಿ ತುಳಿದಂತಾಗುತ್ತಿತ್ತು. ಇನ್ನೂ ಜೋರಾಗಿ ಬಡಿಯುತ್ತಿದ್ದರು, ಇನ್ನೂ ನಾಲ್ಕು ಮಂದಿ ಏಳುತ್ತಿದ್ದರು. ಆಟ ಮುಗಿದ ಮೇಲೆ ಡ್ರಮ್ಮಿನ ಹಗ್ಗ ಬಿಗಿಯುತ್ತ ಕೂತಿರುತ್ತಿದ್ದರು.

ಗೋಕಾಕ ಫಾಲ್ಸಿನ ಹತ್ತಿರ ತಂಬು ಹಾಕಿದ್ದ ಬೇಸಿಗೆಯಲ್ಲಿ ಅವರ ಬಾರಿಸುವಿಕೆ ಬದಲಾಯಿತು. ಅಲ್ಲಿಯ ನೂಲಿನ ಮಿಲ್ಲಿನ ಪಾಳಿ ಬಿಟ್ಟು ಬಂದ ಮಂದಿ ದಣಿದಿರುತ್ತಿದ್ದರು, ಅವರನ್ನು ಹಿಡಿದು ಕೂಡಿಸುವುದು ಇನ್ನೂ ಕಷ್ಟ. ಮಾಸ್ತರರು ಎದುರಿಗೆ ಕೂತ ಯಾರೋ ಒಬ್ಬನನ್ನು ಆರಿಸಿಕೊಂಡು, ಅವನ ಬೀಡಿಯ ಮೇಲೆ ಕಣ್ಣು ಇಟ್ಟು ಬಾರಿಸತೊಡಗಿದರು. ಅವ ಬೀಡಿಯ ದಮ್ಮು ಎಳೆದನೆಂದರೆ ಅವನ ಮನಸ್ಸು ಇಲ್ಲಿಲ್ಲ. ಬೀಡಿ ಕೈಯಲ್ಲಿಯೇ ಸುಟ್ಟು ಬೂದಿಯಾಗುತ್ತಿದ್ದರೆ ಬಾರಿಸಿದ್ದು ತಲುಪುತ್ತಿದೆ ಎಂದು ಅರ್ಥ. ಹಾಗೆ ನೋಡುತ್ತ ನೋಡುತ್ತ ಅವರು ಕಡಿಮೆ ಬಾರಿಸಲು ಕಲಿತರು. ತಾಳದ ಒಂದು ಸಣ್ಣ ನಡೆ, ಯಾರಿಗೂ ಬಾಯಲ್ಲಿ ಹಿಡಿಯುವಂಥದ್ದು. ಅದನ್ನೇ ಇನ್ನೊಮ್ಮೆ. ಮೂರನೆಯ ಸಲ ಕೊನೆಯ ಪೆಟ್ಟನ್ನು ಬಿಟ್ಟುಬಿಡುವುದು, ಕಡ್ಡಿ ಗಾಳಿಯಲ್ಲಿ ಎತ್ತಿ ಹಿಡಿದು ಮಂದಿಯ ಮುಖ ನೋಡುವುದು. ಬಿಟ್ಟ ಆ ಪೆಟ್ಟಿಗೆ ಕೈ ತುರಿಸಿದಂತಾಗಿ ಮಂದಿ ತಾವೇ ಚಪ್ಪಾಳೆ ಹೊಡೆದು ಅದನ್ನು ತುಂಬುತ್ತಿದ್ದರು. ಆಮೇಲೆ ಆ ನಡೆಯನ್ನು ತಿರುವುವುದು, ಗಂಟೆಗೆ ಒಯ್ಯುವುದು, ಕಟ್ಟಿಗೆಗೆ ಒಯ್ಯುವುದು, ಉಗುರಿನಿಂದ ಗೀರಿದಷ್ಟು ಸಣ್ಣ ಮಾಡುವುದು. ಕಾಲು ಮಾತ್ರ ದೊಡ್ಡ ಡ್ರಮ್ಮಿನ ಮೇಲೆ ಒಂದೇ ಸಮ ಬೀಳುತ್ತಿತ್ತು. ಎಲ್ಲಿಗೆ ಹೋದರೂ ಕಾಲು ಮನೆಯಲ್ಲಿಯೇ ಇರಬೇಕು ಎನ್ನುತ್ತಿದ್ದರು. ಈ ಮಾತನ್ನು ಕೇಳಿ ನನಗೆ ವೈನಿಯ ನೆನಪಾಗಿ ನಗು ಬಂದಿತ್ತು…

ಮುಂದೆ ಆ ವರ್ಷ ಮಳೆ ನಿಂತ ಮೇಲೆ ತಂಬು ಮೂಡಲಗಿಗೆ ಹೋಯಿತು. ಮಾತಾಡುವ ಸಿನೆಮಾ ಬೆಳಗಾವಿಗೆ ಬಂದಿದೆ, ಇನ್ನು ಪರದೆಯ ಕೆಳಗೆ ಕೂಡುವವರ ಕೆಲಸ ಮುಗಿಯಿತು ಎಂಬ ಸುದ್ದಿ ಅಷ್ಟರಲ್ಲಿ ನಮ್ಮ ಕಿವಿಗೂ ಬಿದ್ದಿತ್ತು. ಮಾಸ್ತರರು ಮತ್ತಷ್ಟು ಕಳವಳಕ್ಕೆ ಬಿದ್ದಿದ್ದರು. ನಾನು ಮೂಡಲಗಿಯಲ್ಲಿ ನಮ್ಮ ಸೋದರತ್ತೆಯ ಮನೆಯಲ್ಲಿ ಉಳಿದಿದ್ದೆ. ಅವರು ಹೆಂಡತಿಯ ಮನೆಯಲ್ಲಿ. ಅಪ್ಪ ಬಾರಿಸುವುದನ್ನು ನೋಡಲೇಬೇಕೆಂದು ಮಗಳು ಊಟ ಬಿಟ್ಟು ಹಟ ಹಿಡಿದದ್ದರಿಂದ ಒಂದು ಸಂಜೆ, ದೀಪ ಹಚ್ಚುವ ಹೊತ್ತಿನ ಮೊದಲನೆಯ ಆಟಕ್ಕೆ, ವೈನಿ ಅವಳನ್ನು ಕರೆದುಕೊಂಡು ಬಂದಳು. ಪರದೆಯ ಸಂದಿಯಿಂದ ಅವರಿಬ್ಬರು ಬಂದು ಕೂತದ್ದನ್ನು ನೋಡಿ ಮಾಸ್ತರರು ಅಂಗಿಯ ಗುಂಡಿ ಹಾಕಿಕೊಂಡರು. ಅದೇ ಅಂಗಿಯ ಗುಂಡಿಯನ್ನು ಮತ್ತೆ ತೆಗೆದರು, ಮತ್ತೆ ಹಾಕಿಕೊಂಡರು.

ತಂಬು ಹೇಗಿತ್ತೆಂದು ಹೇಳಿಬಿಡುತ್ತೇನೆ. ನಡುವೆ ಉದ್ದಕ್ಕೂ ಒಂದು ಬಟ್ಟೆ ಕಟ್ಟಿ, ಬಲಕ್ಕೆ ಗಂಡಸರು, ಎಡಕ್ಕೆ ಹೆಣ್ಣುಮಕ್ಕಳು. ಗಂಡಸರ ಬಾಗಿಲು ಮುಂದೆ, ನಾವು ಕೂಡುತ್ತಿದ್ದ ಜಾಗದ ಹತ್ತಿರ. ಹೆಣ್ಣುಮಕ್ಕಳ ಬಾಗಿಲು ಹಿಂದೆ. ಮಶೀನಿನ ತಗಡಿನ ಕೋಣೆಯೂ ಹಿಂದೆ, ಆ ಬಾಗಿಲಿಗೆ ಹತ್ತಿಕೊಂಡೇ.

ಎರಡು ರೀಲು ಮುಗಿದಿದ್ದವು. ಮೂರನೆಯದರ ನಡುವೆ ಚಿತ್ರ ಒಮ್ಮೆ ನಡುಗಿ ನಿಂತು, ಪರದೆ ಬೆಳ್ಳಗಾಗಿ, ಆಮೇಲೆ ಕತ್ತಲಾಯಿತು. ಎಂದಿನಂತೆ ಸೀಟಿ. ಎಂದಿನಂತೆ ನಮ್ಮ ಪಕ್ಕದ ಗ್ಯಾಸ್ ಬತ್ತಿ ಏರಿಸಿದರು. ಮಾಸ್ತರರು ಕಡ್ಡಿ ಎತ್ತಿಕೊಂಡು ಶುರು ಮಾಡಿದರು. ಹೆಂಡತಿ ಕೂತಿದ್ದಾಳೆಂದು ಆ ದಿನ ಕೈಯಲ್ಲಿ ಒಂದು ಮೆದುತನವಿತ್ತು. ಅಷ್ಟರಲ್ಲಿ ಮಾಲಕರು ಹೊರಗಿನಿಂದ ಸುತ್ತು ಹಾಕಿ ಬಂದು, ಪರದೆಯ ಹಿಂದಿನಿಂದ ಬಗ್ಗಿ, ನಮ್ಮಿಬ್ಬರ ನಡುವೆ ಮುಖ ತಂದರು. ಫಿಲ್ಮಿಗೆ ಬೆಂಕಿ ಹತ್ತಿದೆ, ಕೋಣೆ ಉರಿಯುತ್ತಿದೆ, ಹಿಂದಿನ ಬಾಗಿಲಿಗೆ ಹೋಗಲು ಬರುವಂತಿಲ್ಲ ಎಂದರು. ಗಾಳಿ ನಮ್ಮ ಕಡೆಯಿಂದ ಬೀಸುತ್ತಿದ್ದದ್ದರಿಂದ ಒಳಗೆ ಇನ್ನೂ ಯಾರಿಗೂ ತಿಳಿದಿರಲಿಲ್ಲ.

ಬೆಂಕಿ ಎಂದು ಕೂಗಿದ್ದರೆ ಏನಾಗುತ್ತಿತ್ತೆಂದು ನಮಗೆ ಮೂವರಿಗೂ ಗೊತ್ತಿತ್ತು. ಅಷ್ಟೂ ಗಂಡಸರು ತಮ್ಮ ತಮ್ಮ ಮನೆಯವರನ್ನು ಹುಡುಕುತ್ತ ನಡುವಿನ ಬಟ್ಟೆ ಹರಿದು ಆ ಕಡೆಗೇ ನುಗ್ಗುತ್ತಿದ್ದರು. ಮಕ್ಕಳು ಕಾಲ ಕೆಳಗೆ ಸಿಗುತ್ತಿದ್ದವು. ಮೊದಲು ಗಂಡಸರು ಹೊರಗೆ ಹೋಗಬೇಕಿತ್ತು, ಅದೂ ಏಕೆಂದು ತಿಳಿಯದೆ.

ಮಾಸ್ತರರು ಕೈ ನಿಲ್ಲಿಸಲಿಲ್ಲ. ಎಡಗೈಯಿಂದ ಬಾರಿಸುತ್ತಲೇ ಬಲಗೈಯಿಂದ ಸಣ್ಣ ಡ್ರಮ್ಮನ್ನು ಬಿಚ್ಚಿದರು. ನನಗೆ ಪಟ್ಟಿ ಹಾಕೆಂದು ಕೊರಳು ಬಗ್ಗಿಸಿದರು. ಆಗ ಅವರ ಮುಖ ನನ್ನ ಕಿವಿಯ ಹತ್ತಿರ ಬಂತು.

"ನೀ ಹೆಣ್ಮಕ್ಕಳ ಕಡೆ ಹೋಗು. ಕಟ್ಟಕಡೀದ ಕೂಸು ಹೊರಗ ಬಂದ ಮ್ಯಾಲ ನನಗ ಬಂದ ಹೇಳು. ಅಲ್ಲೀತನಾ ನಾ ಬಿಡೂದಿಲ್ಲ."

ಎದ್ದು ನಿಂತರು. ಮಂದಿಗೆ ಅದು ಹೊಸದು, ಅವರು ಎಂದೂ ನಿಂತು ಬಾರಿಸಿದವರಲ್ಲ. ಸಣ್ಣ ನಡೆಯನ್ನು ಹಿಡಿದರು, ಇನ್ನೊಮ್ಮೆ ಹಿಡಿದರು, ಮೂರನೆಯ ಸಲ ಕೊನೆಯ ಪೆಟ್ಟು ಬಿಟ್ಟು ಕಡ್ಡಿ ಎತ್ತಿ ನಿಂತರು. ತಂಬು ತುಂಬ ಒಂದು ಚಪ್ಪಾಳೆ ಬಿತ್ತು. ನಗುತ್ತ ಒಂದು ಹೆಜ್ಜೆ ಬಾಗಿಲ ಕಡೆಗೆ ಇಟ್ಟರು. ಮತ್ತೆ ನಡೆ, ಮತ್ತೆ ಚಪ್ಪಾಳೆ, ಮತ್ತೊಂದು ಹೆಜ್ಜೆ. ಮುಂದೆ ಕೂತ ಪಡ್ಡೆ ಹುಡುಗರು ಎದ್ದು ಬೆನ್ನು ಹತ್ತಿದರು. ಮೆರವಣಿಗೆಯೆಂದರೆ ನಮ್ಮ ಮಂದಿಗೆ ಕಾಲು ತಾವೇ ಏಳುತ್ತವೆ. ಮಾಸ್ತರರು ಬಾಗಿಲು ದಾಟುವಾಗ ಅರ್ಧ ತಂಬು ಅವರ ಹಿಂದೆ ಇತ್ತು. ಉಳಿದವರು ಏನು ತಪ್ಪಿಸಿಕೊಂಡೇವೋ ಎಂದು ಎದ್ದರು.

ನಾನು ಅಷ್ಟರಲ್ಲಿ ಹೊರಗಿನಿಂದ ಎಡಮಗ್ಗುಲಿಗೆ ಓಡಿದ್ದೆ. ಮಾಲಕರೂ ಇನ್ನಿಬ್ಬರೂ ತಂಬಿನ ಹಗ್ಗ ಕೊಯ್ದು, ಗೂಟ ಕಿತ್ತು, ನೆಲದ ಕಡೆಯಿಂದ ಬಟ್ಟೆ ಎತ್ತಿ ಹಿಡಿದರು. ನಾನು ಒಳಗೆ ತೂರಿ, ಸಿನೆಮಾ ಇವತ್ತು ನಡೆಯುವುದಿಲ್ಲ, ಈ ಕಡೆಯಿಂದ ಬರ್ರಿ ಎಂದು ಒಬ್ಬೊಬ್ಬರನ್ನೇ ಬಗ್ಗಿಸಿ ಕಳಿಸಿದೆ. ಹಿಂದಿನ ಬಟ್ಟೆಗೆ ಉರಿ ತಾಗಿ ಬೆಳಕು ಕಂಡಾಗ ಚೀರಾಟ ಎದ್ದಿತು, ಆದರೆ ಆ ಹೊತ್ತಿಗೆ ಒಳಗೆ ಉಳಿದವರು ಕೆಲವರೇ. ಆಗಿನ ಫಿಲ್ಮೂ ಸೆಲ್ಯುಲಾಯ್ಡಿನದೇ, ಆ ಕರ್ಪೂರದಂಥ ಘಾಟು ಆಗ ಗಂಟಲಿಗೆ ಹತ್ತಿತು. ವೈನಿ ಕೊನೆಯವರಲ್ಲಿ ಒಬ್ಬಳು. ಮಗಳನ್ನು ಎದೆಗೆ ಅವಚಿ ಕಂಬಕ್ಕೆ ಆತು ನಿಂತುಬಿಟ್ಟಿದ್ದಳು, ಕರೆದರೂ ಕೇಳುತ್ತಿರಲಿಲ್ಲ. ರಟ್ಟೆ ಹಿಡಿದು ಎಳೆದು ತರಬೇಕಾಯಿತು. ಕೆಲವರ ಸೀರೆಯ ಸೆರಗು ಸುಟ್ಟವು, ಒಬ್ಬ ಅಜ್ಜಿಯ ಕೈಗೆ ಬೊಬ್ಬೆ ಎದ್ದವು. ಅದಕ್ಕಿಂತ ಹೆಚ್ಚಿನದು ಯಾರಿಗೂ ಆಗಲಿಲ್ಲ.

ತಂಬು ಪೂರ್ತಿ ಹೊತ್ತಿಕೊಂಡಾಗ ಗಂಡಸರು ಹೊರಳಿ ನೋಡಿ, ಮಾಸ್ತರರನ್ನು ಬಿಟ್ಟು, ಕೊಡ ಹುಡುಕುತ್ತ, ಹೆಸರು ಹಿಡಿದು ಕೂಗುತ್ತ ವಾಪಸು ಓಡಿದರು. ನಾನು ಅವರ ಎದುರಿನಿಂದ ಓಡುತ್ತ ಹೋದೆ. ಕೊಯ್ದ ಜೋಳದ ಹೊಲದ ಆ ತುದಿಯಲ್ಲಿ ಮಾಸ್ತರರು ಒಬ್ಬರೇ ನಿಂತಿದ್ದರು. ಬೆಂಕಿಗೆ ಬೆನ್ನು. ಸುತ್ತ ಒಂದು ನರಪಿಳ್ಳೆ ಇಲ್ಲ. ಇನ್ನೂ ಬಾರಿಸುತ್ತಿದ್ದರು. ಆ ನಡೆ ಇರಲಿಲ್ಲ, ಬಿಟ್ಟ ಪೆಟ್ಟೂ ಇರಲಿಲ್ಲ. ಇದ್ದದ್ದು ಕಾಲಿನ ಪೆಟ್ಟು ಮಾತ್ರ, ಆ ಒಂದೇ ಸಮನೆಯದು, ಅದನ್ನು ಈಗ ಕೈಯಿಂದ ಬಾರಿಸುತ್ತಿದ್ದರು.

"ಮಾಸ್ತರ, ಎಲ್ಲಾರೂ ಬಂದಾರ್ರಿ. ವೈನಿನೂ ಬಂದಾರ, ಕೂಸೂ ಬಂದೈತಿ," ಎಂದೆ.

ಅವರು ನಿಲ್ಲಿಸಲಿಲ್ಲ. ಕೇಳಲಿಲ್ಲವೋ, ಕೇಳಿದರೂ ಕೈ ಕೇಳಲಿಲ್ಲವೋ… ನಾನು ಎರಡೂ ಮುಂಗೈ ಹಿಡಿದೆ. ಹಿಡಿದ ಮೇಲೂ ಅವು ನನ್ನ ಕೈಯೊಳಗೆ ಅದೇ ಪೆಟ್ಟು ಹಾಕುತ್ತಿದ್ದವು.

ಅವರ ದೊಡ್ಡ ಡ್ರಮ್ಮು, ತಾಟು, ನನ್ನ ಹಾರ್ಮೋನಿಯಂ, ಎಲ್ಲ ಬೂದಿಯಾದವು. ಮಂದಿಗೆ ಮರುದಿನ ನಿಜ ತಿಳಿದು, ಮನೆಗೆ ಬಂದು ಮಾಸ್ತರರ ಕಾಲು ಮುಟ್ಟಿ ಹೋದರು. ಅವರು ಗೋಡೆಗೆ ಒರಗಿ, ಕೈಯನ್ನು ತೊಡೆಯ ಮೇಲೆ ಬೋರಲು ಇಟ್ಟುಕೊಂಡು ಕೂತಿದ್ದರು. ಬೆರಳು ಅಲ್ಲಾಡದ್ದನ್ನು ನಾನು ಆವತ್ತೇ ನೋಡಿದ್ದು. ವೈನಿ ಬಂದವರಿಗೆಲ್ಲ ನೀರು ಕೊಟ್ಟಳು. ನಾನು ಹೊರಡುವಾಗ ಅಂಗಳದ ತನಕ ಬಂದು ಹೇಳಿದಳು.

"ಸಪ್ಪಳ ದೂರ ದೂರ ಹೋಗಾಕತ್ತಿತ್ತು. ಹೋದ್ರು ಅಂದ್ಕೊಂಡೆ, ತಮ್ಮಾ. ಯಾವಾಗ್ಲೂ ಹೋಗ್ತಾರಲ್ಲ, ಹಂಗ."

ಅದಕ್ಕೇ ಕಂಬದ ಹತ್ತಿರ ಅವಳ ಕಾಲು ಎದ್ದಿರಲಿಲ್ಲ. ಬೆಂಕಿ ಕಂಡು ಅಲ್ಲ.

ಮಾಲಕರು ಮುಂದೆ ಹೊಸ ತಂಬು ಹಾಕಿದರು. ಅದರಲ್ಲಿ ಸಿನೆಮಾ ತಾನೇ ಮಾತಾಡುತ್ತಿತ್ತು, ತಾನೇ ಹಾಡುತ್ತಿತ್ತು. ನಾನು ಅಪ್ಪನ ಅಂಗಡಿಯಲ್ಲಿ ಕೂತೆ. ಮಾಸ್ತರರು ನಾಲ್ಕಾರು ತಿಂಗಳು ಮದುವೆಯ ಬ್ಯಾಂಡಿನಲ್ಲಿ ಬಾರಿಸಿ, ತಾಳಲಾರದೆ ಮುಂಬೈಗೆ ಹೊರಟರು. ಈ ಸಲ ಹೇಳಿ ಹೊರಟರು, ಹೆಂಡತಿ ಮಗಳನ್ನು ಕರೆದುಕೊಂಡು ಹೊರಟರು. ಘಟಪ್ರಭಾ ಸ್ಟೇಶನ್ನಿನ ತನಕ ನಾನು ಹೋಗಿದ್ದೆ. ರೈಲು ತಡವಾಗಿತ್ತು. ವೈನಿ ಗಂಟಿನ ಮೇಲೆ ಕೂತು ಮಗಳಿಗೆ ಜಡೆ ಹಾಕುತ್ತಿದ್ದಳು. ಮಾಸ್ತರರು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದರು, ನಾನೂ ಜೊತೆಗೆ. ಆ ತುದಿಯಲ್ಲಿ ನಿಂತಾಗ, ನಾನು ಕೇಳದೆಯೇ ಆ ಸಂಜೆಯ ಮಾತು ತೆಗೆದರು.

"ನನ್ನ ಜೀವಾ ಎಲ್ಲಾ ಬೆನ್ನಾಗ ಇತ್ತು. ಹೊರಳಿ ನೋಡಿದ್ದರ ಕೈ ನಿಲ್ಲತಿತ್ತು. ಕೈ ನಿಂತಿದ್ದರ ಮಂದೀನೂ ಹೊರಳತಿತ್ತು."

ಇಷ್ಟು ಹೇಳಿ ಅವರು ಹೆಂಡತಿ ಕೂತಿದ್ದ ಕಡೆ ನೋಡಿದರು. ಆಮೇಲೆ ರೈಲು ಬಂತು. ಅದೇ ಕೊನೆ. ಯುದ್ಧದ ಕಾಲದಲ್ಲಿ ಯಾರೋ ಅವರನ್ನು ಒಂದು ಹೊಟೇಲಿನ ಬ್ಯಾಂಡಿನಲ್ಲಿ ನೋಡಿದೆನೆಂದು ಹೇಳಿದರು. ನಾನು ಎರಡು ಸಲ ಮುಂಬೈಗೆ ಅಡತಿಯ ಕೆಲಸಕ್ಕೆ ಹೋದಾಗ ವಿಚಾರಿಸಿದೆ. ಮನೆ ಬದಲಿಸಿದ್ದಾರೆ, ಬ್ಯಾಂಡು ಬದಲಿಸಿದ್ದಾರೆ ಎಂಬ ಉತ್ತರವೇ ಸಿಕ್ಕಿತು. ಅವರು ಅಲ್ಲಿಯೂ ಒಂದು ಕಡೆ ನಿಂತಿರಲಿಲ್ಲ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ, ಐವತ್ತರ ಸುಮಾರಿನ ಒಬ್ಬ ಹೆಣ್ಣುಮಗಳು ಅಂಗಡಿ ಕೇಳಿಕೊಂಡು ಮನೆಗೆ ಬಂದಳು. ಉದ್ದ ಕೈ ನೋಡಿಯೇ ಮಾಸ್ತರರ ಮಗಳೆಂದು ನನಗೆ ಗುರುತು ಹತ್ತಿತು. ಅಪ್ಪ ಬಹಳ ಹಿಂದೆಯೇ ತೀರಿಕೊಂಡರು ಎಂದಳು. ಕಡೆಯ ದಿನಗಳಲ್ಲಿ ಕೈ ನಡುಗುತ್ತಿತ್ತಂತೆ, ಕಡ್ಡಿ ಹಿಡಿಯಲು ಬರುತ್ತಿರಲಿಲ್ಲವಂತೆ. ಅವ್ವ ತೀರಿದ್ದು ಅದೇ ವರ್ಷದ ಬೇಸಿಗೆಯಲ್ಲಿ. ಇಬ್ಬರೂ ಚೆನ್ನಾಗಿಯೇ ಬಾಳಿದರು, ಅಪ್ಪ ಮತ್ತೆಂದೂ ಹೇಳದೆ ಹೋಗಲಿಲ್ಲ, ಆದರೆ ಮೂಡಲಗಿಯ ಆ ಸಂಜೆಯ ಮಾತು ಮಾತ್ರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ ಎಂದಳು. ಚಹಾ ಕುಡಿದು, ಬಸಿ ಕೆಳಗಿಟ್ಟು ಕೇಳಿದಳು.

"ಕಾಕಾ, ಅಪ್ಪ ಆವತ್ತ ಒಮ್ಮೆರ ಹೊರಳಿ ನೋಡಿದ್ರೇನ್ರಿ? ಅವ್ವ ಸಾಯೂತನಾ ಇದನ್ನ ಮನಸಿನ್ಯಾಗ ಇಟ್ಟಕೊಂಡಿದ್ಲು."

ನೋಡಲಿಲ್ಲ ಎಂದೆ. ಆಮೇಲೆ ಘಟಪ್ರಭಾದಲ್ಲಿ ಅವರು ಆಡಿದ ಮಾತನ್ನು, ಅವರು ಆಡಿದ ಹಾಗೆಯೇ, ಒಂದು ಅಕ್ಷರ ಬಿಡದೆ ಹೇಳಿದೆ. ಅಪ್ಪ ಇದನ್ನು ಅವ್ವನಿಗೆ ಹೇಳಲೇ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಂತೆ ಅಂದಳು. ಹೇಳಿದ್ದಾರೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಸಂಜೆಯ ಬಸ್ಸಿಗೆ ಅವಳನ್ನು ಕಳಿಸಿ ಸ್ಟ್ಯಾಂಡಿನಿಂದ ನಡೆದು ಬಂದೆ. ಮನೆಯ ಹತ್ತಿರ ಬಂದವನು ಒಳಗೆ ಹೋಗಲಾರದೆ ಇನ್ನೊಂದು ಸುತ್ತು ಹಾಕಿದೆ. ಈಗ ಮಾಸ್ತರರೂ ಇಲ್ಲ, ವೈನಿಯೂ ಇಲ್ಲ. ಆ ಮಾತು ಪ್ಲಾಟ್‌ಫಾರ್ಮಿನ ಆ ತುದಿಯಿಂದ ಹೊರಟು ವೈನಿಯನ್ನು ಮುಟ್ಟಲಿಲ್ಲವಲ್ಲ ಎಂದು, ಸುಮ್ಮನೆ ಕೂತಾಗಲೆಲ್ಲ, ನನಗೆ ಎದ್ದು ಓಡಾಡುವಂತಾಗುತ್ತದೆ…